ಹಾಕಿದವರೇ ತೆಗೆಯಬೇಕು

ನಲವತ್ತೊಂದರ ನಂತರ ನಲವತ್ತೆರಡು ಬರುತ್ತದೆ ಎಂಬ ನಂಬಿಕೆ ಹಿರೇಗಡ್ಡಿ ಮಹಾನಗರದ ಡಯಾಲಿಸಿಸ್ ಕೇಂದ್ರದಲ್ಲಿ ಆ ಮಂಗಳವಾರ ಬೆಳಿಗ್ಗೆ ಹತ್ತೂಕಾಲಿನವರೆಗೂ ಇತ್ತು. ಗೋಡೆಯೊಳಗಿನ ದನಿ "ನಲವತ್ತೊಂದು, ಮೂರನೇ ಕುರ್ಚಿ" ಅಂದಿತು. ಸ್ವಲ್ಪ ಹೊತ್ತು ಬಿಟ್ಟು "ನಲವತ್ಮೂರು, ನಾಲ್ಕನೇ ಕುರ್ಚಿ" ಅಂದಿತು.

ನಲವತ್ತೆರಡನೆಯವರಾದ ಚನ್ನಬಸಪ್ಪ ಮೆಣಸಿನಕಾಯಿ ಅವರು ಬೆಂಚಿನ ಮೇಲೆ ಶಾಂತವಾಗಿ ಕೂತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದ್ದರಿಂದ ತಮ್ಮ ಮಾತು ಯಾರೂ ಕೇಳುವುದಿಲ್ಲ ಎಂಬುದು ಅವರಿಗೆ ರೂಢಿಯಾಗಿತ್ತು. ಪಕ್ಕದಲ್ಲಿದ್ದ ಹೆಂಡತಿ ದಾಕ್ಷಾಯಣಿಗೆ ಆ ಅಭ್ಯಾಸ ಇರಲಿಲ್ಲ. ಆಕೆ ಎದ್ದು ಸೀದಾ ಸಿಸ್ಟರ್ ಫಿಲೋಮಿನಾರ ಮೇಜಿಗೆ ಹೋದಳು.

"ಶನಿವಾರನೂ ಹಿಂಗ ಆತು. ನೀವು ಮಷಿನ್ ಕೆಟ್ಟಿರಬೇಕು, ಮಂಗಳವಾರ ಬರ್ರಿ ಅಂದ್ರಿ. ಬಂದೀವಿ. ಈಗ ಯಾವ ವಾರ ಬರಬೇಕ್ರಿ?"

ಸಿಸ್ಟರ್ ಪರದೆಯನ್ನು ಮೇಲೆ ಕೆಳಗೆ ಮಾಡಿದರು. "ಅಜ್ಜಾರ ಹೆಸರು ರದ್ದಾಗಿಲ್ರಿ ಅಕ್ಕಾರ. ಬ್ಯಾರೆ ಕಡೆಗೆ ಹಾಕಿದ್ದೂ ಇಲ್ಲ. ಸತ್ತಾರ ಅಂತನೂ ತೋರಿಸವಲ್ದು. ಮಷಿನ್ನಿಗೆ ಇವರ ಬಗ್ಗೆ ಅಭಿಪ್ರಾಯನ ಇಲ್ರಿ."

"ಕೈಲೆ ಶುರು ಮಾಡ್ರಿ."

"ಕೈಲೆ ಶುರು ಆಗೋ ಮಷಿನ್ ನಾ ಕಣ್ಣಿಲೆ ನೋಡಿಲ್ರಿ. ನಗರಸೂತ್ರದಾಗಿಂದ ಹೆಸರು ಬಂದ್ರನ ಪಂಪು ತಿರಗತೈತಿ." ಸಿಸ್ಟರ್ ಚನ್ನಬಸಪ್ಪನವರ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದಲ್ಲಿ ಗುಂಡಿ ಬಿದ್ದು ಹಾಗೇ ಉಳಿಯಿತು. ಅವರ ದನಿ ಇಳಿಯಿತು. "ಕಡೀ ಸಲ ಆಗಿದ್ದು ಹೋದ ಗುರುವಾರ. ಈ ಗುರುವಾರ ದಾಟಬಾರದ್ರಿ ಅಕ್ಕಾರ. ದಾಟಿದ್ರ ನಾ ಏನೂ ಹೇಳಾಕ ಬರಂಗಿಲ್ಲ."

ಬೇರೆ ಊರಿಗೆ ಹೋಗಬಹುದಿತ್ತಲ್ಲ ಎಂದರೆ, ಸೋಮವಾರ ಹೋಗಿಯೂ ಬಂದಿದ್ದರು. ಆ ಊರಿನ ಯಂತ್ರ ಈ ಊರಿನ ಯಂತ್ರವನ್ನು "ಇವರು ಯಾರು?" ಎಂದು ಕೇಳಿತು. ಈ ಊರಿನ ಯಂತ್ರ ಉತ್ತರ ಕೊಡಲಿಲ್ಲ. ಆ ಊರಿನವರು ಚಹಾ ಕುಡಿಸಿ ಕಳಿಸಿದರು.

ಆಟೋದಲ್ಲಿ ಮನೆಗೆ ಬರುವಾಗ ದಾಕ್ಷಾಯಣಿ ಬೆರಳು ಮಡಚುತ್ತ ಲೆಕ್ಕ ಹಾಕಿದಳು. ನೇಕಾರ ಓಣಿಯ ನಲ್ಲಿಯಲ್ಲಿ ಶುಕ್ರವಾರದಿಂದ ನೀರಿಲ್ಲ. ಸಿಟಿ ಬಸ್ಸು ಓಣಿಯ ಸ್ಟಾಪಿನಲ್ಲಿ ನಿಲ್ಲುತ್ತಿಲ್ಲ. ಒಳಗಿದ್ದವರು ಬಾಗಿಲು ಬಡಿದರೂ ತೆರೆಯದೆ ಮುಂದಿನ ಓಣಿಯಲ್ಲಿ ಇಳಿಸುತ್ತದೆ. ಬೀದಿದೀಪ ಹತ್ತುತ್ತಿಲ್ಲ. ಸೊಳ್ಳೆಗೆ ಹೊಗೆ ಬಿಡುವ ಡ್ರೋನು ಓಣಿಯ ಬಾಯಿಗೆ ಬಂದು ಗೋಡೆ ಕಂಡವರಂತೆ ತಿರುಗಿ ಹೋಗುತ್ತಿದೆ. ಈ ಸುದ್ದಿ ಸೊಳ್ಳೆಗಳಿಗೆ ಹೇಗೆ ಮುಟ್ಟಿತೋ, ಭಾನುವಾರದ ಹೊತ್ತಿಗೆ ಇಡೀ ಮಹಾನಗರದ ಸೊಳ್ಳೆಗಳು ಹೆಂಡತಿ ಮಕ್ಕಳ ಸಮೇತ ನೇಕಾರ ಓಣಿಗೆ ವರ್ಗವಾಗಿ ಬಂದಿದ್ದವು. ಕ್ಯಾಮೆರಾಗಳಿಗೂ ಓಣಿ ಕಾಣದು ಎಂದು ತಿಳಿದ ಮೇಲೆ ಊರಿನ ಹುಡುಗರೆಲ್ಲ ಒಂದು ಬೈಕಿಗೆ ನಾಲ್ವರಂತೆ ಅಲ್ಲಿಗೆ ಬಂದು, ಸಿಗ್ನಲ್ ಹಾರಿ, ಕೈ ಬೀಸಿ ಹೋಗುತ್ತಿದ್ದರು.

ಭಾನುವಾರ ಮಧ್ಯಾಹ್ನ ತುಳಜವ್ವನಿಗೆ ಎದೆನೋವು ಬಂತು. ಎಂಬತ್ತೊಂದರ ಮುದುಕಿ, ಇಳಕಲ್ ಸೀರೆಗೆ ಸೆರಗು ಕೂಡಿಸುವುದರಲ್ಲಿ ಅವಳಂಥ ಕೈ ಆ ಓಣಿಯಲ್ಲಿ ಇನ್ನೊಂದಿರಲಿಲ್ಲ. ಚಾಲಕನಿಲ್ಲದ ಆಂಬುಲೆನ್ಸು ಓಣಿಯ ಬಾಯಲ್ಲಿ ಮೂರು ಸುತ್ತು ಹಾಕಿತು. ಅದರ ನಕ್ಷೆಯಲ್ಲಿ ಅಲ್ಲಿ ಬರೀ ಬಯಲು. ಬಯಲಿನಲ್ಲಿ ಯಾರಿಗೂ ಎದೆನೋವು ಬರುವುದಿಲ್ಲವಾದ್ದರಿಂದ ಅದು ಹಿಂತಿರುಗಿತು. ಜನ ಮುದುಕಿಯನ್ನು ಮಗ್ಗದ ಹಲಗೆಯ ಮೇಲೆ ಮಲಗಿಸಿ ಹಿಂದೆ ಓಡಿದರು. ಆಂಬುಲೆನ್ಸು ಅವರಿಗಿಂತ ಚೆನ್ನಾಗಿ ಓಡಿತು. ಮರಣ ಪ್ರಮಾಣಪತ್ರ ಕೇಳಿದರೆ, ಇಲ್ಲದವರು ಸಾಯುವುದು ಹೇಗೆ ಎಂದು ಯಂತ್ರ ಅದಕ್ಕೂ ಸುಮ್ಮನಾಯಿತು.

ಕೊನೆಯ ಬೆರಳು ಮಡಚಿದಾಗ ದಾಕ್ಷಾಯಣಿಯ ಮುಖ ಕೆಂಪಾಯಿತು. ಇದು ಏನೆಂದು ಆಕೆಗೆ ತಿಳಿದುಹೋಗಿತ್ತು. ನಾಲ್ಕು ವರ್ಷದ ಹಿಂದೆ ನಿವೃತ್ತಿಯಾಗುವವರೆಗೆ ಆಕೆ ಪಾಲಿಕೆಯ ಸೂತ್ರ ಶಾಖೆಯ ಮುಖ್ಯಸ್ಥೆ. ನಗರಸೂತ್ರದ ಅರ್ಧ ಭಾಗ ಬರೆದವಳು ಅವಳೇ.

"ಕಾಮೆಂಟ್ ಮಾಡ್ಯಾರ," ಅಂದಳು. "ನಮ್ಮ ಓಣೀನ್ನ ಕಾಮೆಂಟ್ ಮಾಡ್ಯಾರ ಮಳ್ಳಮಕ್ಕಳು."

"ಚಲೋ ಕಾಮೆಂಟೋ, ಕೆಟ್ಟ ಕಾಮೆಂಟೋ?" ಅಂದರು ಚನ್ನಬಸಪ್ಪ. ಅಷ್ಟು ಅನ್ನುವಷ್ಟರಲ್ಲಿ ಅವರಿಗೆ ಏದುಸಿರು ಬಂದಿತ್ತು.

ನಗರಸೂತ್ರ ಅಂದರೆ ಒಂದೇ ಒಂದು ಉದ್ದನೆಯ ಪ್ರೋಗ್ರಾಂ. ಅದನ್ನು ಮುದ್ರಿಸಿ ರಸ್ತೆಯಲ್ಲಿ ಹಾಸುತ್ತ ಹೋದರೆ ಹಿರೇಗಡ್ಡಿಯಿಂದ ಹೊರಟು, ಕಾರವಾರದ ಸಮುದ್ರದಲ್ಲಿ ಕಾಲು ತೊಳೆದು, ವಾಪಸ್ ಬರಬಹುದು ಎನ್ನುತ್ತಾರೆ. ಯಾವ ನಲ್ಲಿಗೆ ಎಷ್ಟು ಹೊತ್ತಿಗೆ ನೀರು, ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಯಾರ ರಕ್ತಕ್ಕೆ ಯಾವ ಕುರ್ಚಿ, ಎಲ್ಲವೂ ಅದರಲ್ಲೇ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಯಂತ್ರ ಅದನ್ನು ತಲೆಯಿಂದ ಬಾಲದವರೆಗೆ ಒಮ್ಮೆ ಓದಿಕೊಳ್ಳುತ್ತದೆ. ಮರುದಿನ ಹನ್ನೆರಡರವರೆಗೆ ಊರು ಅದರಂತೆ ನಡೆಯುತ್ತದೆ.

ಇಂಥದ್ದನ್ನು ಬರೆಯುವವರಿಗೆ ಒಂದು ಚಾಳಿ. ಯಾವುದನ್ನೂ ಅಳಿಸುವುದಿಲ್ಲ. ನಾಳೆ ಬೇಕಾದರೆ ಎಂಬ ಭಯ. ಮುರಿದ ಕೊಡೆಯನ್ನು ನಾವು ಅಟ್ಟಕ್ಕೆ ಎಸೆಯುವಂತೆ ಅವರು ಬೇಡವಾದ ಭಾಗದ ತಲೆಯ ಮೇಲೆ ಒಂದು ಓರೆಗೆರೆ, ಒಂದು ನಕ್ಷತ್ರ ಹಾಕುತ್ತಾರೆ; ಕಾಲ ಕೆಳಗೆ ಒಂದು ನಕ್ಷತ್ರ, ಒಂದು ಓರೆಗೆರೆ. ಮೊದಲನೆಯದು ಶುರು ಗುರುತು, ಎರಡನೆಯದು ಮುಗಿ ಗುರುತು. ನಡುವೆ ಇದ್ದದ್ದನ್ನು ಯಂತ್ರ ಓದುವುದಿಲ್ಲ. ಅಕ್ಷರಗಳು ಎಲ್ಲಿಯೂ ಹೋಗಿರುವುದಿಲ್ಲ, ಬೂದು ಬಣ್ಣದಲ್ಲಿ ಮಲಗಿರುತ್ತವೆ, ಅಷ್ಟೆ. ಇದಕ್ಕೇ ಕಾಮೆಂಟ್ ಮಾಡುವುದು ಎನ್ನುತ್ತಾರೆ. ಪಕ್ಕದಲ್ಲಿ 'ತಾತ್ಕಾಲಿಕ' ಎಂದು ಬರೆದು ಸಹಿ ಹಾಕುತ್ತಾರೆ. ಹೀಗೆ ತಾತ್ಕಾಲಿಕವಾಗಿ ಮಲಗಿದವುಗಳಲ್ಲಿ ಕೆಲವಕ್ಕೆ ಬೆಳ್ಳಿಹಬ್ಬವೂ ಆಗಿದೆ.

ಗಂಡನನ್ನು ಮನೆಗೆ ಬಿಟ್ಟು ದಾಕ್ಷಾಯಣಿ ಪಾಲಿಕೆಯ ಕಂಟ್ರೋಲ್ ರೂಮಿಗೆ ಹೋದಳು. ಮುಖ ನೋಡಿ ತೆರೆಯುವ ಗಾಜಿನ ಬಾಗಿಲು ತೆರೆಯಲಿಲ್ಲ. ಚಹಾದ ಟ್ರೇ ಹಿಡಿದ ಜವಾನನ ಬೆನ್ನ ಹಿಂದೆಯೇ ಒಳಗೆ ನುಗ್ಗಿದಳು. ಅಲಾರಂ ಕೂಡ ಕೂಗಲಿಲ್ಲ. ಅನುಮತಿ ಇಲ್ಲ ಎಂದು ತಡೆಯಬೇಕಾದರೂ ಮನುಷ್ಯ ಇರಬೇಕಲ್ಲ.

ಒಳಗೆ ಸುಧೀಂದ್ರ ಗಲಗಲಿ ಕೂತಿದ್ದ. ಆಕೆಯ ಕೈಕೆಳಗೆ ಕೆಲಸ ಕಲಿತವನು, ಈಗ ಆಕೆಯ ಕುರ್ಚಿಯಲ್ಲಿ ಕೂರುವವನು. ಅವನ ತಲೆಯ ಮೇಲೆ ಗೋಡೆಯಲ್ಲಿ ಕಟ್ಟು ಹಾಕಿದ ಒಂದು ಹಾಳೆ, ಅದಕ್ಕೆ ಒಣಗಿದ ಚೆಂಡುಹೂವಿನ ಮಾಲೆ, ಕುಂಕುಮ. ಅದರಲ್ಲಿ ದಾಕ್ಷಾಯಣಿಯದೇ ಕೈಬರಹ: 'ಕಾಮೆಂಟನ್ನು ಹಾಕಿದವರೇ ತೆಗೆಯಬೇಕು. ಬೇರೆಯವರು ಕೈ ಹಚ್ಚಕೂಡದು.'

ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಹೊಸಬ, ಸ್ವಚ್ಛ ಮಾಡುತ್ತೇನೆಂದು ಯಾರೋ ಹಾಕಿದ್ದ ಕಾಮೆಂಟನ್ನು ತೆಗೆದಿದ್ದ. ಅದರ ಹಿಂದೆ ಕೆರೆಯ ತೂಬು ತೆರೆಯುವ ಹಳೇ ಆಜ್ಞೆ ಮಲಗಿತ್ತು. ಅದು ಎದ್ದಿತು. ಕೆರೆಯೂ ಎದ್ದಿತು. ಕಾಯಿಪಲ್ಲೆ ಮಾರ್ಕೆಟ್ಟಿನ ಬದನೆಕಾಯಿಗಳು ಮೂರು ಕಿಲೋಮೀಟರ್ ತೇಲಿ ಜಿಲ್ಲಾಧಿಕಾರಿಗಳ ಹಿತ್ತಿಲಲ್ಲಿ ದಡ ಮುಟ್ಟಿದವು. ಅವತ್ತು ಸಂಜೆ ಸಿಟ್ಟಿನಲ್ಲಿ ದಾಕ್ಷಾಯಣಿ ಆ ನಿಯಮ ಬರೆದಳು. ಅವಳು ಬರೆದದ್ದರಲ್ಲಿ ಪಾಲಿಕೆ ತಪ್ಪದೆ ಪಾಲಿಸಿದ್ದು ಅದೊಂದನ್ನೇ. ಆಯುಧಪೂಜೆಗೆ ಅದಕ್ಕೂ ಕುಂಬಳಕಾಯಿ ಒಡೆಯುತ್ತಿದ್ದರು.

"ಬರ್ರಿ ಮೇಡಮ್ಮರ! ಭಾಳ ದಿನ ಆತು. ಚಹಾ ತಗೋರಿ."

"ನನ್ನ ಓಣಿ ಎಲ್ಲೈತಿ, ಸುಧೀಂದ್ರ?"

"ಅದರೀ, ಎಲ್ಲಾ ಅದ. ಅಳಿಸಿಲ್ಲರೀ." ಅವನು ಪರದೆಯನ್ನು ಪ್ರೀತಿಯಿಂದ ಅವಳತ್ತ ತಿರುಗಿಸಿದ. ಬೂದು ಅಕ್ಷರಗಳು. ನೇಕಾರ ಓಣಿ, ಮನೆ ಒಂದು, ಮನೆ ಎರಡು, ನಲ್ಲಿ, ದೀಪ, ತುಳಜವ್ವ, ಚನ್ನಬಸಪ್ಪ. "ನೋಡ್ರಿ, ಒಂದು ಅಕ್ಷರ ಸುದ್ದಾ ಹಾಳಾಗಿಲ್ಲ."

"ತುಳಜವ್ವ ಹಾಳಾಗ್ಯಾಳ. ಭಾನುವಾರ ಮಣ್ಣು ಮಾಡಿ ಬಂದೀವಿ."

ಗಲಗಲಿ ಚಹಾದ ಕಪ್ಪನ್ನು ಅವಳ ಮುಂದೆ ಸರಿಸಿದ. ಆಮೇಲೆ ಹೇಳಿದ. ಶುಕ್ರವಾರ ಸ್ವಚ್ಛ ನಗರ ಸ್ಪರ್ಧೆಯ ಸಮಿತಿ ಬಂದಿತ್ತು. ಅವರು ಊರನ್ನು ಕಣ್ಣಿಂದ ನೋಡುವುದಿಲ್ಲ, ನಗರಸೂತ್ರದ ಪಟ್ಟಿಯಿಂದ ನೋಡುತ್ತಾರೆ. ನೇಕಾರ ಓಣಿಯ ಗಟಾರ ಇಡೀ ಊರಿನ ಅಂಕ ಕಳೆಯುತ್ತಿತ್ತು. ಗಟಾರ ಕಟ್ಟಿಸಲು ಎರಡು ವರ್ಷ ಬೇಕು, ಕಾಮೆಂಟ್ ಮಾಡಲು ಎರಡು ಗುರುತು ಸಾಕು. ಒಂದೇ ದಿನದ ಮಟ್ಟಿಗೆ ಅಂದುಕೊಂಡಿದ್ದರು. ಊರಿಗೆ ಮೊದಲ ಬಹುಮಾನ ಬಂತು.

"ಈಗ ತೆಗೀ."

"ನಾ ಹಾಕಿಲ್ಲಲ್ರೀ. ನಮ್ಮ ಶಾಖೆಯ ಈರಣ್ಣ ಪತ್ತಾರ ಹಾಕ್ಯಾರ." ಗಲಗಲಿ ಗೋಡೆಯ ಹಾಳೆಯತ್ತ ಭಕ್ತಿಯಿಂದ ನೋಡಿದ. "ನಿಮ್ಮ ನಿಯಮನ ಅದ."

"ಪತ್ತಾರನ್ನ ಕರಿ."

"ಅಲ್ಲೇ ಒಂದು ತೊಂದರಿ ಆಗ್ಯದ. ಅವಸರದಾಗ ಶುರು ಗುರುತು ಹಾಕ್ಯಾರ, ಮುಗಿ ಗುರುತು ಹಾಕೋದು ಮರ್ತಾರ. ಯಂತ್ರ ಮುಗಿ ಗುರುತು ಹುಡುಕ್ಕೋತ ಹುಡುಕ್ಕೋತ ಮುಂದಿನ ಓಣಿತನಾ ಹೋತು. ಅಲ್ಲಿ ಎಂದೋ ಯಾರೋ ಮಾಡಿದ ಹಳೇ ಕಾಮೆಂಟ್ ಒಂದಿತ್ತು, ಅದರ ಮುಗಿ ಗುರುತು ಸಿಕ್ಕಿತು, ಅಲ್ಲಿ ನಿಂತದ. ನಡುವ ನೌಕರರ ಕ್ವಾರ್ಟರ್ಸ್ ಅದ. ಪತ್ತಾರ ಅವರ ಮನಿ, ಹೆಸರು, ನೌಕರಿ, ಪಾಸ್‌ವರ್ಡ್, ಎಲ್ಲಾ ಒಳಗ ಹೋಗ್ಯದ. ಐದು ದಿನದಿಂದ ಅವರಿಗೆ ಆಫೀಸಿನ ಬಾಗಲ ತೆರೀವಲ್ದು."

"ಅವನ ಜಾಗಕ್ಕ ಬ್ಯಾರೆಯವರನ್ನ ಹಾಕ್ರಿ."

"ಹುದ್ದೆ ಖಾಲಿ ಇದ್ರ ಹಾಕಬಹುದಿತ್ತು. ಅದೂ ಕಾಮೆಂಟಿನಾಗ ಅದ. ಖಾಲಿನೂ ಇಲ್ಲ, ತುಂಬಿನೂ ಇಲ್ಲ."

"ಸುಧೀಂದ್ರ," ದಾಕ್ಷಾಯಣಿ ಮೇಜಿನ ಮೇಲೆ ಎರಡೂ ಕೈ ಊರಿದಳು, "ನಿನ್ನ ಮುಂದ ಎರಡು ಗುಂಡಿ ಅದಾವ. ಒತ್ತಿದ್ರ ನಮ್ಮವರು ಉಳೀತಾರ. ಗುರುವಾರ ದಾಟಿದ್ರ ಉಳಿಯಂಗಿಲ್ಲ. ಒತ್ತು."

ಗಲಗಲಿ ಕೀಬೋರ್ಡನ್ನು ತನ್ನ ಹತ್ತಿರ ಎಳೆದುಕೊಂಡ. "ಒತ್ತಿದ್ರ ನನ್ನ ಹೆಸರು ದಾಖಲಾಗ್ತದ್ರೀ. ಮತ್ತ..." ದನಿ ತಗ್ಗಿಸಿದ. "ಸೋಮವಾರ ಬಹುಮಾನ ಕೊಡೋ ಸಮಾರಂಭ ಅದ. ಅಷ್ಟರಾಗ ಓಣಿ ವಾಪಸ್ ಬಂದ್ರ ಅಂಕ ಇಳೀತಾವ. ಆಯುಕ್ತರು ಕೈ ಹಚ್ಚಬ್ಯಾಡ್ರಿ ಅಂದಾರ. ಮಂಗಳವಾರ ನೋಡೋಣಂತ. ನಾಲ್ಕು ದಿನ ಹೆಚ್ಚು ಕಡಿಮಿ, ನಿಮ್ಮ ಮನಿಯವರು ಸುಧಾರಿಸ್ಕೋತಾರ ತಗೋರಿ."

ದಾಕ್ಷಾಯಣಿ ಚಹಾದ ಕಪ್ಪು ಎತ್ತಿದಳು, ಗೋಡೆಯ ಮೇಲಿದ್ದ ತನ್ನದೇ ನಿಯಮದ ಮುಖಕ್ಕೆ ಚೆಲ್ಲಿ ಹೊರಗೆ ಬಂದಳು. ಬಾಗಿಲು ತೆರೆಯಲಿಲ್ಲ. ಒದ್ದಳು. ಜವಾನ ಓಡಿಬಂದು ತೆರೆದ.

ಬುಧವಾರ ಚನ್ನಬಸಪ್ಪನವರಿಗೆ ಮಲಗಲು ಆಗಲಿಲ್ಲ. ಮಲಗಿದರೆ ಎದೆಯಲ್ಲಿ ನೀರು ತುಂಬಿದಂತೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಮೂರು ದಿಂಬು ಆನಿಸಿ ಕೂತೇ ಇದ್ದರು. ಮುಖ ಊದಿ ಕಣ್ಣು ಸಣ್ಣವಾಗಿದ್ದವು. ದಿನಕ್ಕೆ ಇಷ್ಟೇ ನೀರು ಎಂದು ದಾಕ್ಷಾಯಣಿ ಚಮಚದಲ್ಲಿ ಅಳೆದು ಕೊಡುತ್ತಿದ್ದಳು.

"ಡಾಕ್ಟರು ನೀರು ಕಡಿಮಿ ಕುಡೀರಿ ಅಂದ್ರು," ಅಂದರು, ಎರಡು ಮಾತಿಗೊಮ್ಮೆ ನಿಂತು. "ಪಾಲಿಕೆಯವರು ಇಡೀ ಓಣಿಗೇ ಪಥ್ಯ ಹಚ್ಯಾರ."

"ಬಾಯಿ ಮುಚ್ಚಿಕೊಂಡು ಕುಂಡ್ರಿ," ಅಂದಳು ದಾಕ್ಷಾಯಣಿ. ಆಮೇಲೆ ಅಡಿಗೆಮನೆಗೆ ಹೋಗಿ ಒಂದು ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದಳು.

ಸಂಜೆ ಐದರ ಹೊತ್ತಿಗೆ ಹೊಸ್ತಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಐದು ದಿನದ ಗಡ್ಡ, ಕೊರಳಲ್ಲಿ ಪಾಲಿಕೆಯ ಗುರುತಿನ ಚೀಟಿ. ಈರಣ್ಣ ಪತ್ತಾರ.

"ಅಕ್ಕಾರ, ತಪ್ಪಾತ್ರಿ."

"ಒಳಗ ಬಾ. ಹೊರಗ ನಿಂತ್ರ ಹೊಡ್ಯಾಕ ಕೈ ನಿಲುಕಂಗಿಲ್ಲ."

ಪತ್ತಾರ ಬಂದು ನೆಲದ ಮೇಲೆ ಕೂತ. ಚನ್ನಬಸಪ್ಪನವರ ಮುಖ ನೋಡಿ ತಲೆ ತಗ್ಗಿಸಿದ. "ಆಯುಕ್ತರು ಹತ್ತು ನಿಮಿಷದಾಗ ಆಗಬೇಕಂದ್ರು. ಅವಸರದಾಗ ಮುಗಿ ಗುರುತು ಮರ್ತೆ. ನಂದೂ ನಲ್ಲಿ ಬಂದ್ ಆಗೈತ್ರಿ. ಎಲ್ಲೆ ಹೋದ್ರೂ ಬಾಗಲ ತೆರೀವಲ್ದು. ನಡುವ ಎಲ್ಲೆರೆ ಒಂದು ಮುಗಿ ಗುರುತು ಬಿದ್ರ ಸಾಕಿತ್ತು, ಅದರ ಮುಂದಿನದೆಲ್ಲಾ ಎದ್ದು ಕುಂಡ್ರತಿತ್ತು. ಆದ್ರ ಹಾಕೋರು ಯಾರು? ಹೊರಗಿನವರು ಆ ಸೂತ್ರದಾಗ ಒಂದು ಚುಕ್ಕಿ ಸುದ್ದಾ ಇಡಾಕ ಬರಂಗಿಲ್ಲ."

"ಮತ್ತ ಇವು ಎಲ್ಲಿ ಹೋಗತಾವ?" ಅಂದರು ಚನ್ನಬಸಪ್ಪ.

ಅವರ ಕೈಯಲ್ಲಿ ಸಣ್ಣ ಚೀಟಿಗಳ ಒಂದು ಕಟ್ಟು. ಓಣಿಯ ಮೂಲೆಯಲ್ಲಿ ಪಾಲಿಕೆಯ ದೂರು ಪೆಟ್ಟಿಗೆ ಇತ್ತು. ಅದರ ಪರದೆಯ ಮೇಲೆ ಒಂದು ಸಾಲು ದೂರು ಬರೆದರೆ 'ನಿಮ್ಮ ದೂರು ದಾಖಲಾಗಿದೆ' ಎಂದು ಚೀಟಿ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಅದೇ ವಾಕಿಂಗು. ದಿನಾ ಒಂದು ದೂರು, ಹಿಂದೆ ಒಂದು ಚಿತ್ರ. ಭಾನುವಾರದ ಚೀಟಿಯ ಹಿಂದೆ ಪೆನ್ಸಿಲ್ಲಿನಲ್ಲಿ ತುಳಜವ್ವ ಇದ್ದಳು.

ದಾಕ್ಷಾಯಣಿ ಚೀಟಿಯನ್ನೇ ನೋಡಿದಳು. "ಭಾನುವಾರನೂ ಚೀಟಿ ಬಂತಾ? ಓಣಿ ಇಲ್ಲದಾಗ?"

"ದೂರು ಪೆಟಗಿ ಓಣಿಗೆ ಸೇರಿಲ್ರಿ ಅಕ್ಕಾರ," ಅಂದ ಪತ್ತಾರ. "ದೂರಿಗೂ ಊರು ನಡಿಯೋದಕ್ಕೂ ಏನೂ ಸಂಬಂಧಿಲ್ಲಂತ ಅದನ್ನ ಸೂತ್ರದ ಬಾಲಕ್ಕ ಹಚ್ಚೀವಿ. ಯಾರು ಬರದ್ರೂ ತಗೋತೈತಿ. ಮುಖಾನೂ ನೋಡಂಗಿಲ್ಲ."

"ಎಲ್ಲಿ ಹೋಗತಾವ ಅಂತ ಕೇಳಿದ್ರಲ್ಲ, ನಾ ಹೇಳ್ತೀನಿ." ದಾಕ್ಷಾಯಣಿಯ ದನಿ ನಿಧಾನವಾಯಿತು. "ಯಾವ ಓಣಿಯ ದೂರೋ ಆ ಓಣಿಯ ಸೂತ್ರದ ತಲಿಮ್ಯಾಲೆ ಹೋಗಿ ಕುಂಡ್ರತಾವ. ಎರಡು ಓರೆಗೆರಿ ಹಾಕಿದ ಒಂದು ಸಾಲಾಗಿ. ಯಂತ್ರ ಓದಂಗಿಲ್ಲ, ಆದ್ರ ಮುಂದ ಅದನ್ನ ತೆಗದು ನೋಡೋ ಮನಷ್ಯಾರು ಓದಲಿ, ಜನ ಏನಂತಾರ ಗೊತ್ತಾಗಲಿ ಅಂತ ನಾನ ಹಂಗ ಮಾಡಿದ್ದೆ. ಒಬ್ಬನೂ ಓದಿಲ್ಲ. ಇಪ್ಪತ್ತು ವರ್ಷ."

ಪತ್ತಾರನ ಬಾಯಿ ನಿಧಾನಕ್ಕೆ ತೆರೆಯಿತು. ಸಾಲಿನ ಕಾಮೆಂಟಿನಲ್ಲಿ ಏನು ಬರೆದರೂ ಯಂತ್ರ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಆ ಸಾಲೇ ಒಂದು ದೊಡ್ಡ ಕಾಮೆಂಟಿನ ಹೊಟ್ಟೆಯಲ್ಲಿದ್ದರೆ, ಯಂತ್ರ ಅಲ್ಲಿ ಒಂದನ್ನು ಮಾತ್ರ ಹುಡುಕುತ್ತ ಹೋಗುತ್ತಿರುತ್ತದೆ.

"ಮುಗಿ ಗುರುತು," ಅಂದ ಪತ್ತಾರ. "ನಾ ಹಾಕಿದ ಶುರು ಗುರುತು ಆ ದೂರಿನ ಸಾಲಿಗಿಂತ ಮ್ಯಾಲೆ ಐತ್ರಿ."

"ಇವತ್ತಿನ ಹನ್ನೆರಡು ಹೋತು. ನಾಳಿ ಹನ್ನೆರಡು ಐತಿ," ಅಂದಳು ದಾಕ್ಷಾಯಣಿ.

ಗುರುವಾರ ಹನ್ನೊಂದಕ್ಕೆ ಪತ್ತಾರ ಚನ್ನಬಸಪ್ಪನವರನ್ನು ಡಯಾಲಿಸಿಸ್ ಕೇಂದ್ರಕ್ಕೆ ಕರೆದುಕೊಂಡು ಹೋದ. ಆಟೋ ಹತ್ತಿಸುವಾಗ ಮೇಷ್ಟ್ರಿಗೆ ಮಾತು ನಿಂತಿತ್ತು. ಹೆಂಡತಿಯ ಕೈಯನ್ನು ಎರಡು ಸಲ ತಟ್ಟಿದರು, ಅಷ್ಟೆ.

ದಾಕ್ಷಾಯಣಿ ದೂರು ಪೆಟ್ಟಿಗೆಯ ಮುಂದೆ ನಿಂತಳು. ಓರೆಗೆರೆ ಪರದೆಯ ಮೇಲೆ ಇತ್ತು, ಮನೆ ನಂಬರಿಗೆ ಬೇಕಲ್ಲ. ನಕ್ಷತ್ರವೂ ಇತ್ತು: 'ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?' ಮೊದಲು ದೂರು ಬರೆದಳು. ಇಪ್ಪತ್ತು ವರ್ಷ ಯಾರೂ ಓದದ ಜಾಗ, ನಾಚಿಕೆ ಯಾಕೆ? ತುಳಜವ್ವನ ಹೆಸರು ಬರೆದಳು, ಆಂಬುಲೆನ್ಸಿನ ಮೂರು ಸುತ್ತು ಬರೆದಳು, ಬಹುಮಾನದ ಬಗ್ಗೆ ಬರೆದಳು. ಆಯುಕ್ತರನ್ನು ಒಂದು ಶಬ್ದದಿಂದ ಕರೆದಳು. ಆ ಶಬ್ದವನ್ನು ಆಕೆಯ ಅಜ್ಜಿ ಜೀವಮಾನದಲ್ಲಿ ಎರಡೇ ಸಲ ಬಳಸಿದ್ದಳು, ಎರಡನೇ ಸಲ ಬಳಸಿದಾಗ ಎದುರಿಗಿದ್ದವನು ಊರು ಬಿಟ್ಟಿದ್ದ. ಆಮೇಲೆ ಸೇವೆಗೆ ಒಂದೇ ಒಂದು ನಕ್ಷತ್ರ ಕೊಟ್ಟಳು. ಅದಕ್ಕೆ ಅಂಟಿಸಿ ಒಂದು ಓರೆಗೆರೆ ಎಳೆದಳು. ಚೀಟಿ ಬಂತು. ದಾಖಲಾಗಿದೆ.

ಬಸ್ಸು ನಿಲ್ಲದ ಸ್ಟಾಪಿನ ಕಟ್ಟೆಯ ಮೇಲೆ ಕೂತಳು. ಹನ್ನೆರಡಕ್ಕೆ ಐದು ನಿಮಿಷ. ಎರಡು ನಿಮಿಷ.

ಹನ್ನೆರಡರ ಸೈರನ್ ಕೂಗಿತು. ಏನೂ ಆಗಲಿಲ್ಲ. ಆಕೆ ಕೈಯಲ್ಲಿದ್ದ ಚೀಟಿಯನ್ನು ಇನ್ನೊಮ್ಮೆ ಓದಿದಳು. ಆಮೇಲೆ, ಎಲ್ಲೋ ಒಂದು ಮನೆಯೊಳಗೆ ಒಣ ನಲ್ಲಿ ಕೆಮ್ಮಿತು. ಇನ್ನೊಂದು ಕೆಮ್ಮಿತು. ಓಣಿಯ ನಲ್ಲಿಗಳೆಲ್ಲ ಒಟ್ಟಿಗೇ ಕೆಮ್ಮಿ, ಉಗುಳಿ, ಹರಿದವು. ನಡುಮಧ್ಯಾಹ್ನ ಬೀದಿದೀಪಗಳೆಲ್ಲ ಒಮ್ಮೆ ಹತ್ತಿ ಆರಿದವು. ಸೊಳ್ಳೆಯ ಡ್ರೋನುಗಳು ಆರು ದಿನದ ಬಾಕಿ ತೀರಿಸುವವರಂತೆ ಹನ್ನೆರಡು ಸೇರಿ ಬಂದವು. ನಾಲ್ವರನ್ನು ಹೊತ್ತ ಒಂದು ಬೈಕು ಸಿಗ್ನಲ್ಲಿನ ನಡುವೆಯೇ ನಿಂತು ತನ್ನಷ್ಟಕ್ಕೆ ತಾನೇ ದಂಡದ ಚೀಟಿ ಮುದ್ರಿಸತೊಡಗಿತು. ಬಸ್ಸು ಬಂದು ಆಕೆಯ ಮುಂದೆ ನಿಂತು ಬಾಗಿಲು ತೆರೆಯಿತು.

ಕೇಂದ್ರ ಮುಟ್ಟುವ ಹೊತ್ತಿಗೆ ನಲವತ್ತೆರಡು, ಮೂರನೇ ಕುರ್ಚಿಯಲ್ಲಿದ್ದರು. ಮೂಗಿಗೆ ಆಮ್ಲಜನಕದ ನಳಿಕೆ. ಕೆಂಪು ನಳಿಕೆಯಲ್ಲಿ ರಕ್ತ ಹೋಗುತ್ತಿತ್ತು, ಬರುತ್ತಿತ್ತು. "ಸ್ವಲ್ಪ ತಡಾ ಆಗಿದ್ರ..." ಎಂದು ಶುರುಮಾಡಿದ ಸಿಸ್ಟರ್ ಫಿಲೋಮಿನಾ ಆಕೆಯ ಮುಖ ನೋಡಿ ಮುಗಿಸಲಿಲ್ಲ. ಗೋಡೆಯ ಬಳಿ ಪತ್ತಾರ ಕೂತಲ್ಲೇ ನಿದ್ದೆ ಹೋಗಿದ್ದ.

ಒಂದೂವರೆಗೆ ಫೋನು ಬಂತು. ಗಲಗಲಿ.

"ಮೇಡಮ್ಮರ, ಓಣಿ ಎದ್ದದ. ಅಂಕ ಇಳದಾವ. ಬಹುಮಾನ ಹೋತು. ಆಯುಕ್ತರು ಇಲ್ಲೇ ನಿಂತಾರ. ಯಾರು ತೆಗದ್ರು ಅಂತ ದಾಖಲೆನೇ ಇಲ್ಲ."

"ಒಂದು ದೂರು ಬಂದಿತ್ತು. ಓದಲಿಲ್ಲೇನು?"

"ಓದಿದ್ರೀ. ಈಗ ಎಲ್ಲಾರೂ ಓದ್ಯಾರ. ಆಯುಕ್ತರೂ ಓದಿದ್ರು." ಫೋನಿಗೆ ಕೈ ಅಡ್ಡ ಹಿಡಿದಂತೆ ಅವನ ದನಿ ಸಣ್ಣದಾಯಿತು. "ಆ ಸಾಲು ತೆಗದ್ರ ಓಣಿ ಮತ್ತ ಮಲಗ್ತದ, ಅದರ ಜೋಡಿ ಕ್ವಾರ್ಟರ್ಸೂ. ಮುಂದಿನ ವಾರ ನನಗೂ ಅಲ್ಲೇ ಮನಿ ಕೊಡ್ತಾರ. ಅದಕ್ಕ ತೆಗೆಯಂಗಿಲ್ಲ. ಖರೇ ಮೇಡಮ್ಮರ, ಆ ಸಾಲು ಸೂತ್ರ ತೆರೆದ ಕೂಡಲೇ ಎಲ್ಲಾರಿಗೂ ಕಾಣಸ್ತದ. ನಾಳಿ ಬರೋ ಆಯುಕ್ತರಿಗೂ, ಅವರ ಮುಂದಿನವರಿಗೂ. ಸಾಹೇಬರ ಹೆಸರಿನ ಜೋಡಿ ಆ ಶಬ್ದ... ಅದೊಂದ ಶಬ್ದ ತೆಗೀಲಿ? ಉಳಿದದ್ದು ಹಂಗ ಇರಲಿ."

ದಾಕ್ಷಾಯಣಿ ಕುರ್ಚಿಯತ್ತ ನೋಡಿದಳು. ಚನ್ನಬಸಪ್ಪನವರು ಕಣ್ಣು ತೆರೆದು ಯಾರದು ಎಂದು ಹುಬ್ಬಿನಲ್ಲೇ ಕೇಳಿದರು.

"ಸುಧೀಂದ್ರ, ತಲಿ ಎತ್ತಿ ಗೋಡಿ ಮ್ಯಾಲೆ ನೋಡು," ಅಂದಳು. "ಚಹಾದ ಕಲಿ ಒರಸಿದ್ರ ಕಾಣತೈತಿ. ಏನ್ ಬರದೈತಿ, ಆಯುಕ್ತರಿಗೆ ಕೇಳೂಹಂಗ ಗಟ್ಟಿಯಾಗಿ ಓದು."

ಆ ಕಡೆ ಕುರ್ಚಿ ಸರಿದ ಸದ್ದು, ಬಟ್ಟೆಯಿಂದ ಗಾಜು ಒರೆಸಿದ ಸದ್ದು ಕೇಳಿಸಿತು. ಆಮೇಲೆ ಗಲಗಲಿ ಓದತೊಡಗಿದ.